ಬೀಟ್‌ರೂಟ್ ತಿಂದರೂ ಏರದ ರಕ್ತ: ಹಡಪ್ಸರದ ರೊಟ್ಟಿ ಕಾಕು ಅವರ ಪ್ರಕರಣ

ರೋಗಿ 46 ವರ್ಷದ ಮಹಿಳೆ. ಹುಟ್ಟಿದ್ದು ವಿಜಯಪುರ ಜಿಲ್ಲೆಯ ಇಂಡಿ ಸೀಮೆಯಲ್ಲಿ, ಮದುವೆಯಾಗಿ ಬಂದದ್ದು ಪುಣೆಗೆ. ಹಡಪ್ಸರದಲ್ಲಿ ಎರಡು ಕೋಣೆಯ ಮನೆ. ಮುಂದಿನ ಕೋಣೆಯೇ ಅಂಗಡಿ. ಬೆಳಗಿನ ಐದಕ್ಕೆ ಒಲೆ ಹೊತ್ತಿಸಿ ಜೋಳದ ರೊಟ್ಟಿ ಬಡಿಯಲು ಕುಳಿತರೆ ಮಧ್ಯಾಹ್ನದವರೆಗೆ ಏಳುವಂತಿಲ್ಲ. ಮಗರಪಟ್ಟಾದ ಕಂಪನಿಗಳಲ್ಲಿ ದುಡಿಯುವ ಕಲಬುರಗಿ, ಬಾಗಲಕೋಟೆ, ಧಾರವಾಡ ಕಡೆಯ ಹುಡುಗರಿಗೆ ಇಲ್ಲಿಂದ ಡಬ್ಬಾ ಹೋಗುತ್ತದೆ. ಗಂಡ ಸ್ಕೂಟರಿನಲ್ಲಿ ತಲುಪಿಸಿ ಬರುತ್ತಾರೆ. ಗಿರಾಕಿಗಳೆಲ್ಲ ಅವರನ್ನು ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಾರೆ. ಅವರ ಒಪ್ಪಿಗೆ ಪಡೆದು ಬರೆಯುತ್ತಿರುವ ಈ ಪ್ರಕರಣದಲ್ಲಿ ನಾನೂ ಅವರನ್ನು ಕಾಕು ಎಂದೇ ಕರೆಯುತ್ತೇನೆ.

ನಾನು ಆಹಾರ ತಜ್ಞೆ. ಅವರನ್ನು ನನ್ನ ಬಳಿಗೆ ಕಳುಹಿಸಿದ ವೈದ್ಯರ ಚೀಟಿಯಲ್ಲಿದ್ದದ್ದು ಒಂದೇ ಸಾಲು: ಎಂಟು ತಿಂಗಳು ಕಬ್ಬಿಣದ ಮಾತ್ರೆ ಕೊಟ್ಟರೂ ಹಿಮೋಗ್ಲೋಬಿನ್ ಏರುತ್ತಿಲ್ಲ, ಆಹಾರ ನೋಡಿ. ಈ ಒಂದು ಸಾಲಿನ ಹಿಂದೆ ಐದಾರು ಕಾರಣಗಳು ಒಂದರ ಮೇಲೊಂದು ಕುಳಿತಿದ್ದವು. ಬಿಡಿಬಿಡಿಯಾಗಿ ನೋಡಿದರೆ ಎಲ್ಲವೂ ಸಣ್ಣವು, ಪುಣೆಯ ಯಾವ ಮನೆಯಲ್ಲಾದರೂ ಕಾಣುವಂಥವು. ಆದ್ದರಿಂದಲೇ ಇದನ್ನು ವಿವರವಾಗಿ ಬರೆಯಬೇಕೆನಿಸಿತು.

ದೂರು ಮತ್ತು ಹಿನ್ನೆಲೆ

ಕಾಕು ಹೇಳಿದ ಮೊದಲ ತೊಂದರೆ ದಣಿವು. ರೊಟ್ಟಿ ಬಡಿಯುವ ಕೈ ನಡುವೆಯೇ ನಿಂತುಬಿಡುತ್ತಿತ್ತು. ಒಂದು ಮಹಡಿ ಹತ್ತಿದರೆ ಎದೆ ಹೊಡೆದುಕೊಳ್ಳುತ್ತಿತ್ತು. ಎರಡನೆಯದು, ಪಾದಗಳಲ್ಲಿ ಜೋಮು. ಹತ್ತಿಯ ಮೇಲೆ ನಡೆದ ಹಾಗೆ ಆಗುತ್ತದೆ, ಚಪ್ಪಲಿ ಕಾಲಿನಿಂದ ಜಾರಿದರೂ ಗೊತ್ತಾಗುವುದಿಲ್ಲ ಎಂದರು. ಮೂರನೆಯದನ್ನು ಅವರಾಗಿ ಹೇಳಲಿಲ್ಲ, ಮಗಳು ಹೇಳಿದಳು: ಬಚ್ಚಲಿನಲ್ಲಿ ಕಣ್ಣು ಮುಚ್ಚಿ ಮುಖಕ್ಕೆ ನೀರು ಹಾಕಿಕೊಳ್ಳುವಾಗ ಅವ್ವ ತೂರಾಡುತ್ತಾಳೆ, ಗೋಡೆ ಹಿಡಿದುಕೊಳ್ಳುತ್ತಾಳೆ. ಈ ಮೂರನೆಯ ಮಾತು ಇಡೀ ಪ್ರಕರಣದ ದಿಕ್ಕನ್ನೇ ಬದಲಿಸಿತು.

ಒಂಬತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ. ಅದಕ್ಕೆ ಮೆಟ್‌ಫಾರ್ಮಿನ್, ಮೊದಲು ದಿನಕ್ಕೆ 1000 ಮಿಲಿಗ್ರಾಂ, ಕಳೆದ ವರ್ಷದಿಂದ 2000. ಎದೆಯುರಿಗೆ ಬೆಳಗ್ಗೆ ಬರಿಹೊಟ್ಟೆಯಲ್ಲಿ ಪ್ಯಾಂಟೊಪ್ರಜೋಲ್. ಇದನ್ನು ಯಾರೂ ಬರೆದುಕೊಟ್ಟಿರಲಿಲ್ಲ, ಔಷಧದಂಗಡಿಯಿಂದ ತಾವೇ ತಂದು ಮೂರು ವರ್ಷಗಳಿಂದ ತಪ್ಪದೆ ನುಂಗುತ್ತಿದ್ದರು. ಮುಟ್ಟು ಒಂದೂವರೆ ವರ್ಷದಿಂದ ಏರುಪೇರು, ಸ್ರಾವ ಹೆಚ್ಚು. ಮನೆತನ ಲಿಂಗಾಯತರದು, ಮಾಂಸ, ಮೀನು, ಮೊಟ್ಟೆ ಮನೆಯೊಳಗೆ ಬರುವುದಿಲ್ಲ.

ಪಾದದ ಜೋಮಿಗೆ ಈ ಮೊದಲು ತೋರಿಸಿದ್ದ ಚಿಕಿತ್ಸಾಲಯವೊಂದರಲ್ಲಿ ಸಕ್ಕರೆಯಿಂದ ನರ ಕೆಟ್ಟಿದೆ ಎಂದು ಹೇಳಿ ಮೆಟ್‌ಫಾರ್ಮಿನ್ ಪ್ರಮಾಣ ಹೆಚ್ಚಿಸಿದ್ದರು. ರಕ್ತಹೀನತೆಗೆ ಇನ್ನೊಂದು ಕಡೆ ಕಬ್ಬಿಣ ಮತ್ತು ಫೋಲಿಕ್ ಆಮ್ಲ ಎರಡೂ ಇರುವ ಕೆಂಪು ಮಾತ್ರೆ ಕೊಟ್ಟಿದ್ದರು. ಕಾಲು ನೋಡಿದವರು ರಕ್ತ ನೋಡಲಿಲ್ಲ, ರಕ್ತ ನೋಡಿದವರು ಕಾಲು ನೋಡಲಿಲ್ಲ.

ವರದಿಗಳು

ಹಿಮೋಗ್ಲೋಬಿನ್ 8.4ರಿಂದ ಆರಂಭವಾಗಿ, ಮಾತ್ರೆ ಶುರುವಾದ ಮೊದಲ ಎರಡು ತಿಂಗಳಲ್ಲಿ 9.3ಕ್ಕೆ ಏರಿ, ಅಲ್ಲಿಯೇ ನಿಂತಿತ್ತು. ಗರ್ಭಿಣಿಯಲ್ಲದ ಮಹಿಳೆಗೆ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆ. ಕೆಂಪು ರಕ್ತಕಣದ ಸರಾಸರಿ ಗಾತ್ರ, ಅಂದರೆ ಎಂಸಿವಿ, 87. ಇದು ಸಹಜ ಮಿತಿಯೊಳಗೇ ಇದೆ. ಎಲ್ಲರ ಕಣ್ಣು ತಪ್ಪಿಸಿದ್ದು ಈ ಸಂಖ್ಯೆಯೇ.

ಕಬ್ಬಿಣ ಕಡಿಮೆಯಾದರೆ ಕಣದೊಳಗೆ ತುಂಬಲು ಹಿಮೋಗ್ಲೋಬಿನ್ ಸಾಲದೆ ಕಣ ಚಿಕ್ಕದಾಗುತ್ತದೆ. ವಿಟಮಿನ್ ಬಿ12 ಅಥವಾ ಫೋಲೇಟ್ (ಮಾತ್ರೆಯಲ್ಲಿ ಇದರ ರೂಪವೇ ಫೋಲಿಕ್ ಆಮ್ಲ) ಕಡಿಮೆಯಾದರೆ ಕಣ ವಿಭಜನೆಯಾಗಲಾರದೆ ದೊಡ್ಡದಾಗಿಯೇ ಉಳಿಯುತ್ತದೆ. ಎರಡೂ ಕೊರತೆ ಒಬ್ಬರಲ್ಲೇ ಇದ್ದರೆ ರಕ್ತದಲ್ಲಿ ಚಿಕ್ಕ ಕಣಗಳೂ ದೊಡ್ಡ ಕಣಗಳೂ ಒಟ್ಟಿಗೆ ಓಡಾಡುತ್ತವೆ, ಸರಾಸರಿ ಮಾತ್ರ ನಡುವೆ ಬಂದು ಕೂರುತ್ತದೆ. ಆ ಏರುಪೇರನ್ನು ತೋರಿಸುವ ಇನ್ನೊಂದು ಅಂಕಿ ಅದೇ ಹಾಳೆಯಲ್ಲಿ ಎಂಸಿವಿಯ ಕೆಳಗೇ ಇರುತ್ತದೆ: ಆರ್‌ಡಿಡಬ್ಲ್ಯು. ಕಾಕು ಅವರಿಗೆ ಅದು 22. ಸಾಮಾನ್ಯವಾಗಿ 14.5ರ ಆಸುಪಾಸು ಮೀರಬಾರದು. ಹಳೆಯ ಮೂರು ವರದಿಗಳಲ್ಲೂ ಅದು ಏರುತ್ತಲೇ ಇತ್ತು, ದಪ್ಪಕ್ಷರದಲ್ಲೇ ಅಚ್ಚಾಗಿತ್ತು.

ನನ್ನ ಟಿಪ್ಪಣಿ ಓದಿದ ವೈದ್ಯರು ಅಂದೇ ಶ್ರುತಿಕವೆ (ಟ್ಯೂನಿಂಗ್ ಫೋರ್ಕ್) ತಂದು ಕಾಲಿಗೆ ಇಟ್ಟು ನೋಡಿದರು. ಹೆಬ್ಬೆರಳಿನಲ್ಲಿ ಕಂಪನ ತಿಳಿಯುತ್ತಿರಲಿಲ್ಲ, ಕಣಕಾಲಿನಲ್ಲಿ ಅಸ್ಪಷ್ಟ. ಕಣ್ಣು ಮುಚ್ಚಿ ನಿಲ್ಲಿಸಿದಾಗ ಓಲಾಡಿದರು. ನಾಲಿಗೆ ನುಣುಪಾಗಿತ್ತು. ರಕ್ತದ ಲೇಪವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಎರಡು ಗಾತ್ರದ ಕಣಗಳು ಸ್ಪಷ್ಟವಾಗಿ ಕಂಡವು. ಬಿಳಿ ರಕ್ತಕಣಗಳ ಒಳಗಿನ ಕೋಶಕೇಂದ್ರಗಳು ಆರು ಹಾಲೆಗಳಾಗಿ ಒಡೆದಿದ್ದವು, ಇದು ಬಿ12 ಅಥವಾ ಫೋಲೇಟ್ ಕೊರತೆಯ ಗುರುತು. ಫೆರಿಟಿನ್ 8 ನ್ಯಾನೊಗ್ರಾಂ, ಅಂದರೆ ದೇಹದ ಕಬ್ಬಿಣದ ದಾಸ್ತಾನು ಬರಿದು. ಬಿ12 ಪ್ರಮಾಣ 98 ಪಿಕೊಗ್ರಾಂ; 200ಕ್ಕಿಂತ ಕಡಿಮೆಯಿದ್ದರೆ ಕೊರತೆ ಎನ್ನುತ್ತಾರೆ. ಫೋಲೇಟ್ ಮಾತ್ರ ಮಿತಿಗಿಂತಲೂ ಹೆಚ್ಚು. ಥೈರಾಯ್ಡ್, ಮೂತ್ರಪಿಂಡ ಸರಿಯಾಗಿದ್ದವು. ವಂಶದಿಂದ ಬರುವ ರಕ್ತದೋಷವಾದ ಥಲಸ್ಸೇಮಿಯಾದ ಗುಣ ಇರಲಿಲ್ಲ. ಮಲದಲ್ಲಿ ರಕ್ತ ಇರಲಿಲ್ಲ. ಜಠರದ ವಿರುದ್ಧ ದೇಹವೇ ತಿರುಗಿಬೀಳುವ ಕಾಯಿಲೆಯ ಪ್ರತಿಕಾಯಗಳೂ ಸಿಗಲಿಲ್ಲ.

ತಟ್ಟೆಯ ಲೆಕ್ಕ

"ತಂಗಿ, ನಾನು ಬೀಟ್‌ರೂಟ್ ತಿನ್ನದ ದಿನವಿಲ್ಲ. ದಾಳಿಂಬೆ, ಖರ್ಜೂರ ಎಲ್ಲ ಮಾಡಿದೆ. ಬಂದ ದುಡ್ಡೆಲ್ಲ ಹಣ್ಣಿಗೇ ಹೋಯಿತು," ಎಂದರು ಕಾಕು. ಇದು ಅವರೊಬ್ಬರ ಮಾತಲ್ಲ. ರಕ್ತ ಕಡಿಮೆ ಎಂದು ಬರುವ ಹತ್ತು ಹೆಂಗಸರಲ್ಲಿ ಎಂಟು ಮಂದಿ ಹೀಗೆಯೇ ಹೇಳುತ್ತಾರೆ. ಕೆಂಪಗಿರುವುದು ರಕ್ತವಾಗುತ್ತದೆ ಎಂಬ ನಂಬಿಕೆ ಅಷ್ಟು ಗಟ್ಟಿ. 100 ಗ್ರಾಂ ಬೀಟ್‌ರೂಟಿನಲ್ಲಿ ಒಂದು ಮಿಲಿಗ್ರಾಂ ಕಬ್ಬಿಣವೂ ಇಲ್ಲ. ದಾಳಿಂಬೆಯಲ್ಲಿ ಅದಕ್ಕಿಂತಲೂ ಕಡಿಮೆ. ಬೀಟ್‌ರೂಟಿನ ಕೆಂಪು ಬೀಟಾಲೈನ್ ಎಂಬ ವರ್ಣದ್ರವ್ಯದ್ದು, ಅದಕ್ಕೂ ಹಿಮೋಗ್ಲೋಬಿನ್‌ಗೂ ಸಂಬಂಧವಿಲ್ಲ. ಬಡಿದ ರೊಟ್ಟಿಯ ದುಡ್ಡು ದಾಳಿಂಬೆಗೆ ಹೋಗಿ ವ್ಯರ್ಥವಾದದ್ದಕ್ಕೆ ನನಗೆ ನಿಜಕ್ಕೂ ಸಂಕಟವಾಯಿತು.

ಕಾಕು ಅವರ ಕಬ್ಬಿಣದ ದೊಡ್ಡ ಮೂಲ ಅವರ ಕೈಯಲ್ಲೇ ಇತ್ತು. ದಿನಕ್ಕೆ ಐದು ರೊಟ್ಟಿ, ಒಂದೊಂದು ಸುಮಾರು 60 ಗ್ರಾಂ ಹಿಟ್ಟಿನದು. 100 ಗ್ರಾಂ ಜೋಳದಲ್ಲಿ ಸುಮಾರು 4 ಮಿಲಿಗ್ರಾಂ ಕಬ್ಬಿಣ ಇರುವುದಾಗಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಕೋಷ್ಟಕ ಹೇಳುತ್ತದೆ. ಅಂದರೆ ರೊಟ್ಟಿಯಿಂದಲೇ 12 ಮಿಲಿಗ್ರಾಂ. ಬೆಳಗಿನ ಅವಲಕ್ಕಿ, ಶೇಂಗಾ ಹಿಂಡಿ, ಪುಂಡಿ ಪಲ್ಯ ಸೇರಿದರೆ 17 ಮಿಲಿಗ್ರಾಂ ಆಗುತ್ತದೆ. ಇದೇ ಸಂಸ್ಥೆ 2020ರಲ್ಲಿ ವಯಸ್ಕ ಮಹಿಳೆಗೆ ಸೂಚಿಸಿದ್ದು 29 ಮಿಲಿಗ್ರಾಂ. ಕಡಿಮೆ ನಿಜ. ಆದರೆ ಈ ಅಂತರವೊಂದರಿಂದಲೇ ಫೆರಿಟಿನ್ 8ಕ್ಕೆ ಇಳಿಯುವುದಿಲ್ಲ.

ಶಕ್ತಿಯ ಲೆಕ್ಕದಲ್ಲಿ ಅವರು ಹಸಿದವರಲ್ಲ. ಜೋಳದ ಪಿಷ್ಟ ಕರುಳಿನಲ್ಲಿ ಗ್ಲೂಕೋಸ್ ಆಗಿ ಒಡೆದು ರಕ್ತಕ್ಕೆ ಸೇರುತ್ತದೆ. ರೊಟ್ಟಿ ಬಡಿಯುವ ತೋಳು ಅದನ್ನು ಉರಿಸುತ್ತದೆ. ಶೇಂಗಾದ ಎಣ್ಣೆ ನಿಧಾನವಾಗಿ ಜೀರ್ಣವಾಗಿ ಹೊಟ್ಟೆ ತುಂಬಿದ ಭಾವ ಕೊಡುತ್ತದೆ. ಪ್ರೋಟೀನ್ 44 ಗ್ರಾಂ ಆಸುಪಾಸು; 58 ಕಿಲೊ ತೂಕಕ್ಕೆ, ಕಿಲೊಗೆ 0.83 ಗ್ರಾಂ ಲೆಕ್ಕದಲ್ಲಿ, 48 ಬೇಕು. ಇಲ್ಲಿ ಪ್ರಮಾಣಕ್ಕಿಂತ ಗುಣ ಮುಖ್ಯ. ಜೋಳದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಮೈನೊ ಆಮ್ಲ ತೀರಾ ಕಡಿಮೆ. ಅದನ್ನು ತುಂಬಿಕೊಡುವುದು ಬೇಳೆಕಾಳು. ಕಾಕು ಎಲ್ಲರ ಡಬ್ಬಾ ಕಟ್ಟಿ, ಕೊನೆಯಲ್ಲಿ ಉಣ್ಣುತ್ತಿದ್ದರು. ಆ ಹೊತ್ತಿಗೆ ಪಾತ್ರೆಯಲ್ಲಿ ಬೇಳೆ ಉಳಿದಿರುತ್ತಿರಲಿಲ್ಲ. ರೊಟ್ಟಿಗೆ ಹಿಂಡಿ, ಮೇಲೆ ಒಂದು ಕಪ್ ಚಹಾ. ಊರಿನ ತಟ್ಟೆಯಲ್ಲಿ ರೊಟ್ಟಿ, ಕಾಳುಪಲ್ಯ, ಮಜ್ಜಿಗೆ ಒಟ್ಟಿಗೆ ಬೀಳುತ್ತಿದ್ದದ್ದು ಲೈಸಿನ್ ಗೊತ್ತಿದ್ದವರು ಮಾಡಿದ ಯೋಜನೆಯೇನಲ್ಲ, ಆದರೂ ಸರಿಯಾದ ಜೋಡಿ. ಡಬ್ಬಾ ವ್ಯವಹಾರ ಆ ಜೋಡಿಯನ್ನು ಅಡುಗೆ ಮಾಡುವವಳ ತಟ್ಟೆಯಿಂದಲೇ ಕಿತ್ತುಹಾಕಿತ್ತು.

ಕಬ್ಬಿಣ ಒಳಗೆ ಹೋಗುವ ದಾರಿ

ಸಸ್ಯಾಹಾರದ ಕಬ್ಬಿಣ ನೇರವಾಗಿ ರಕ್ತಕ್ಕೆ ಇಳಿಯುವುದಿಲ್ಲ. ಜಠರದ ಆಮ್ಲ ಅದನ್ನು ಕರಗಿಸಬೇಕು. ಸಣ್ಣ ಕರುಳಿನ ಮೊದಲ ಭಾಗದಲ್ಲಿ ಅದು ಫೆರಿಕ್ ರೂಪದಿಂದ ಫೆರಸ್ ರೂಪಕ್ಕೆ ಬದಲಾಗಬೇಕು. ಆಮೇಲಷ್ಟೇ ಕರುಳಿನ ಕೋಶದ ಒಳಗೆ ಪ್ರವೇಶ. ಧಾನ್ಯ ಮತ್ತು ಬೇಳೆಯ ಊಟದಿಂದ ಹೀಗೆ ಒಳಸೇರುವುದು ನೂರಕ್ಕೆ ಐದರಿಂದ ಹತ್ತು ಭಾಗವಷ್ಟೇ. ಜೋಳದ ಹೊಟ್ಟಿನಲ್ಲಿರುವ ಫೈಟಿಕ್ ಆಮ್ಲ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಚಹಾದ ಪಾಲಿಫೀನಾಲ್‌ಗಳು ಇನ್ನೂ ಬಿಗಿಯಾಗಿ ಹಿಡಿಯುತ್ತವೆ. ಊಟದ ಜೊತೆ ಕುಡಿದ ಒಂದು ಕಪ್ ಕಡಕ್ ಚಹಾ ಆ ಊಟದ ಕಬ್ಬಿಣದ ಹೀರುವಿಕೆಯನ್ನು ಅರ್ಧಕ್ಕಿಂತಲೂ ಕೆಳಗೆ ತಳ್ಳಬಲ್ಲದು. ಕಾಕು ಅವರ ಪ್ರತಿ ಊಟದ ಜೊತೆಗೂ ಚಹಾ ಇತ್ತು.

ಲೆಕ್ಕ ಹಾಕಿ ನೋಡಿದೆ. 17 ಮಿಲಿಗ್ರಾಮಿನಲ್ಲಿ ಶೇ. 5 ಎಂದರೂ ಒಳಸೇರುವುದು 0.85 ಮಿಲಿಗ್ರಾಂ. ಚಹಾ ಅದನ್ನೂ ಕತ್ತರಿಸುತ್ತದೆ. ಚರ್ಮ, ಕರುಳಿನ ಕೋಶ ಉದುರುವುದರಿಂದಲೇ ಯಾರಿಗಾದರೂ ದಿನಕ್ಕೆ ಸುಮಾರು ಒಂದು ಮಿಲಿಗ್ರಾಂ ಹೋಗುತ್ತದೆ. ಮೇಲೆ ಮುಟ್ಟಿನ ನಷ್ಟ. ಒಂದು ಗ್ರಾಂ ಹಿಮೋಗ್ಲೋಬಿನ್‌ನಲ್ಲಿ 3.4 ಮಿಲಿಗ್ರಾಂ ಕಬ್ಬಿಣವಿದೆ. ಹಿಮೋಗ್ಲೋಬಿನ್ 9 ಇರುವವರು ತಿಂಗಳಿಗೆ 100 ಮಿಲಿಲೀಟರ್ ರಕ್ತ ಕಳೆದುಕೊಂಡರೆ 30 ಮಿಲಿಗ್ರಾಂ, ದಿನಕ್ಕೆ ಇನ್ನೊಂದು ಮಿಲಿಗ್ರಾಂ ಹೋದಂತೆ. ಹೀಗೆ ದಿನವೂ ಒಂದು ಮಿಲಿಗ್ರಾಮಿಗೂ ಹೆಚ್ಚು ಸಾಲ ಬೆಳೆಯುತ್ತಿತ್ತು. ವರ್ಷಕ್ಕೆ 400 ಮಿಲಿಗ್ರಾಂ. ಮಹಿಳೆಯೊಬ್ಬಳ ಇಡೀ ದೇಹದಲ್ಲಿರುವ ಕಬ್ಬಿಣ ಎರಡೂವರೆ, ಮೂರು ಗ್ರಾಂ ಅಷ್ಟೇ.

ಮಾತ್ರೆಯಲ್ಲಿ 100 ಮಿಲಿಗ್ರಾಂ ಇತ್ತಲ್ಲ, ಅದು ಏನಾಯಿತು? ಮಾತ್ರೆ ಹೇಗೆ ನುಂಗುತ್ತೀರಿ ಎಂದು ಕೇಳಿದೆ. "ಬರಿಹೊಟ್ಟೆಗೆ ತೆಗೆದುಕೊಂಡರೆ ವಾಕರಿಕೆ. ಅದಕ್ಕೆ ಚಹಾದ ಜೊತೆ ನುಂಗುತ್ತೇನೆ. ಎಲುಬಿನ ಮಾತ್ರೆಯೂ ಆಗಲೇ," ಎಂದರು. ಎಲುಬಿನ ಮಾತ್ರೆ ಎಂದರೆ ಕ್ಯಾಲ್ಸಿಯಂ. ಅದೂ ಕಬ್ಬಿಣದ ಹೀರುವಿಕೆಗೆ ಅಡ್ಡಬರುತ್ತದೆ. ಅರ್ಧ ಗಂಟೆ ಮೊದಲು ನುಂಗಿದ ಪ್ಯಾಂಟೊಪ್ರಜೋಲ್ ಆಮ್ಲವನ್ನೂ ಇಳಿಸಿಟ್ಟಿತ್ತು. ಕಬ್ಬಿಣ ಕರಗಲು ಆಮ್ಲವಿಲ್ಲ, ಕರಗಿದ್ದನ್ನು ಚಹಾ ಹಿಡಿಯುತ್ತದೆ, ಉಳಿದದ್ದಕ್ಕೆ ಕ್ಯಾಲ್ಸಿಯಂ ಅಡ್ಡ. ಮಾತ್ರೆಯ ಬಹುಪಾಲು ಮಲದಲ್ಲಿ ಕಪ್ಪಾಗಿ ಹೊರಹೋಗುತ್ತಿತ್ತು. ಮಾತ್ರೆ ಬರೆದವರು ಈ ಪ್ರಶ್ನೆಯನ್ನು ಒಮ್ಮೆ ಕೇಳಿದ್ದರೆ ಸಾಕಾಗಿತ್ತು. ಮಾತ್ರೆಯ ಹೆಸರು ಬರೆಯುವುದರಷ್ಟೇ ಅದನ್ನು ಯಾವುದರ ಜೊತೆ ನುಂಗಬಾರದು ಎಂದು ಹೇಳುವುದೂ ಚಿಕಿತ್ಸೆಯೇ.

ಬಿ12: ಬಹಳ ಹಿಂದೆಯೇ ಶುರುವಾದ ಕೊರತೆ

ಕಬ್ಬಿಣದ ಕತೆ ಇಷ್ಟಾದರೆ ಕಾಲಿನ ಕತೆ ಬೇರೆ.

ಬಿ12 ಅನ್ನು ಯಾವ ಗಿಡವೂ ತಯಾರಿಸುವುದಿಲ್ಲ, ಯಾವ ಪ್ರಾಣಿಯೂ ತಯಾರಿಸುವುದಿಲ್ಲ. ತಯಾರಿಸುವುದು ಸೂಕ್ಷ್ಮಜೀವಿಗಳು ಮಾತ್ರ. ಹಸು ಎಮ್ಮೆಗಳ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಮೇವಿನ ಕೋಬಾಲ್ಟ್ ಬಳಸಿ ಮಾಡಿದ್ದು ಹಾಲಿಗೆ ಬರುತ್ತದೆ. ಆದ್ದರಿಂದ ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿಗೆ ಇರುವ ನಿಜವಾದ ಮೂಲ ಹಾಲು, ಮೊಸರು, ಪನೀರ್ ಅಷ್ಟೇ. ಹುದುಗಿಸಿದ ಇಡ್ಲಿ ಹಿಟ್ಟಿನಲ್ಲಿ, ಜೋಳದ ಅಂಬಲಿಯಲ್ಲಿ ಬಿ12 ಇದೆ ಎಂದು ಕಾಕು ಎಲ್ಲೋ ಕೇಳಿದ್ದರು. ಅವುಗಳನ್ನು ನಂಬಿ ಕೂರುವಂತಿಲ್ಲ. ಹುದುಗಿಸುವುದರಿಂದ ಫೈಟಿಕ್ ಆಮ್ಲ ಇಳಿಯುತ್ತದೆ, ಅದು ಬೇರೆಯೇ ಲಾಭ. ಸ್ಪಿರುಲಿನಾ ಪುಡಿಯಲ್ಲಿರುವುದು ಬಹುಪಾಲು ಬಿ12ರಂತೆ ಕಾಣುವ, ಮನುಷ್ಯರ ದೇಹಕ್ಕೆ ಉಪಯೋಗವಿಲ್ಲದ ವಸ್ತು.

ವಯಸ್ಕರಿಗೆ ದಿನಕ್ಕೆ ಬೇಕಾದದ್ದು 2.2 ಮೈಕ್ರೋಗ್ರಾಂ. ಹಸುವಿನ ಹಾಲು 100 ಮಿಲಿಲೀಟರಿಗೆ ಸುಮಾರು 0.4 ಮೈಕ್ರೋಗ್ರಾಂ ಕೊಡುತ್ತದೆ, ಕುದಿಸಿದಂತೆ ಅದರಲ್ಲೂ ಒಂದಿಷ್ಟು ಹೋಗುತ್ತದೆ. ದಿನದ ಅಗತ್ಯ ಹಾಲಿನಿಂದಲೇ ತುಂಬಬೇಕೆಂದರೆ ಅರ್ಧ ಲೀಟರಿಗೂ ಹೆಚ್ಚು ಕುಡಿಯಬೇಕು. ಕಾಕು ಅವರ ಪಾಲಿಗೆ ಬರುತ್ತಿದ್ದದ್ದು ಚಹಾದಲ್ಲಿನ ಹಾಲು. ಮನೆಗೆ ತರುವ ಹಾಲು ಮಗನಿಗೆ, ಹೆಪ್ಪು ಹಾಕಿದ ಮೊಸರು ಗಿರಾಕಿಗಳ ಡಬ್ಬಾಕ್ಕೆ.

ಹಾಗಾದರೆ ಇಷ್ಟು ವರ್ಷ ಏಕೆ ಏನೂ ಆಗಲಿಲ್ಲ? ಬಿ12 ಅನ್ನು ಯಕೃತ್ತು ಕೂಡಿಟ್ಟುಕೊಳ್ಳುತ್ತದೆ. ಒಂದೆರಡು ಮಿಲಿಗ್ರಾಂ ದಾಸ್ತಾನಿದ್ದರೂ ದಿನಕ್ಕೆ ಕೆಲವೇ ಮೈಕ್ರೋಗ್ರಾಂ ಖರ್ಚಾಗುವುದರಿಂದ ಅದು ವರ್ಷಗಟ್ಟಲೆ ಬಾಳುತ್ತದೆ. ತವರಿನಲ್ಲಿ ಎಮ್ಮೆಯಿತ್ತು, ಹಾಲು ಮಜ್ಜಿಗೆಗೆ ಬರವಿರಲಿಲ್ಲ. ಬಹುಶಃ ಆ ಗಂಟನ್ನೇ ಇಲ್ಲಿ ಕರಗಿಸುತ್ತಾ ಬಂದರು.

ಜೊತೆಗೆ ಎರಡು ಔಷಧಗಳು. ಆಹಾರದ ಬಿ12 ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಜಠರದ ಆಮ್ಲ ಮತ್ತು ಪೆಪ್ಸಿನ್ ಅದನ್ನು ಬಿಡಿಸಬೇಕು. ಜಠರವೇ ಸ್ರವಿಸುವ ಇಂಟ್ರಿನ್ಸಿಕ್ ಫ್ಯಾಕ್ಟರ್ ಎಂಬ ಪ್ರೋಟೀನಿನ ಕೈ ಹಿಡಿದು ಅದು ಸಣ್ಣ ಕರುಳಿನ ಕೊನೆಯ ಭಾಗದವರೆಗೆ ಸಾಗಬೇಕು. ಅಲ್ಲಿ ಕ್ಯಾಲ್ಸಿಯಂ ನೆರವಿನಿಂದ ಒಳಗೆ ಸೇರಬೇಕು. ಪ್ಯಾಂಟೊಪ್ರಜೋಲ್ ಮೊದಲ ಹೆಜ್ಜೆಯನ್ನು ಕುಂಠಿಸುತ್ತದೆ. ಮೆಟ್‌ಫಾರ್ಮಿನ್ ಕೊನೆಯ ಹೆಜ್ಜೆಗೆ ಅಡ್ಡಬರುತ್ತದೆ; ಪ್ರಮಾಣ ಹೆಚ್ಚಿದಷ್ಟೂ, ವರ್ಷ ಹೆಚ್ಚಿದಷ್ಟೂ ಅಡ್ಡಿ ಹೆಚ್ಚು. 2022ರಲ್ಲಿ ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ, ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಕೊರತೆಯ ಲಕ್ಷಣ ಕಂಡರೆ ಬಿ12 ಪರೀಕ್ಷಿಸಬೇಕು, ಅಪಾಯ ಹೆಚ್ಚಿರುವವರನ್ನು ಆಗಾಗ ಗಮನಿಸುತ್ತಿರಬೇಕು ಎಂದು ವೈದ್ಯರಿಗೆ ಸೂಚಿಸಿತು. ಇದನ್ನು ಓದಿ ಯಾರೂ ಮೆಟ್‌ಫಾರ್ಮಿನ್ ಬಿಡಬಾರದು. ಯಕೃತ್ತು ಬೇಡದಷ್ಟು ಗ್ಲೂಕೋಸ್ ಸುರಿಯುವುದನ್ನು ತಡೆಯುವ, ಅಗ್ಗವಾದ, ಒಳ್ಳೆಯ ಔಷಧ ಅದು.

ನರಗಳು ಕೆಟ್ಟದ್ದು ಹೇಗೆಂದರೆ, ಬಿ12 ಇಲ್ಲದೆ ನರತಂತುವಿನ ಸುತ್ತಲಿನ ಮೈಲಿನ್ ಎಂಬ ಕೊಬ್ಬಿನ ಹೊದಿಕೆ ಸರಿಯಾಗಿ ಉಳಿಯುವುದಿಲ್ಲ. ತಂತಿಯ ಮೇಲಿನ ಪ್ಲಾಸ್ಟಿಕ್ ಸುಲಿದಂತೆ ಸಂದೇಶ ದಾರಿಯಲ್ಲೇ ಸೋರಿಹೋಗುತ್ತದೆ. ಉದ್ದದ ನರಗಳಿಗೆ ಮೊದಲ ಪೆಟ್ಟು, ಹಾಗಾಗಿ ಪಾದದಿಂದ ಶುರು. ಬೆನ್ನುಹುರಿಯ ಹಿಂಭಾಗದ ಎಳೆಗಳು ಕೆಟ್ಟಾಗ ಕಾಲು ಎಲ್ಲಿದೆ ಎಂಬ ಅರಿವೇ ಮೆದುಳಿಗೆ ತಲುಪುವುದಿಲ್ಲ. ಕಣ್ಣು ತೆರೆದಿದ್ದರೆ ನೋಟ ಆ ಕೊರತೆಯನ್ನು ತುಂಬುತ್ತದೆ. ಮುಖ ತೊಳೆಯಲು ಕಣ್ಣು ಮುಚ್ಚಿದ ಕ್ಷಣ ಆಸರೆ ತಪ್ಪುತ್ತದೆ. ಮಗಳು ಬಚ್ಚಲಿನ ಬಾಗಿಲಲ್ಲಿ ನೋಡಿದ್ದು ಇದನ್ನೇ.

ಕೆಂಪು ಮಾತ್ರೆಯಲ್ಲಿದ್ದ ಫೋಲಿಕ್ ಆಮ್ಲ

ಫೋಲೇಟಿನ ಇತಿಹಾಸದಲ್ಲಿ ನಮ್ಮ ಪಕ್ಕದ ಮುಂಬಯಿಗೆ ದೊಡ್ಡ ಸ್ಥಾನವಿದೆ. 1928ರಲ್ಲಿ ಲೂಸಿ ವಿಲ್ಸ್ ಎಂಬ ಬ್ರಿಟಿಷ್ ವೈದ್ಯೆ ಅಲ್ಲಿಗೆ ಬಂದು, ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಗರ್ಭಿಣಿಯರ ರಕ್ತಹೀನತೆಯನ್ನು ಅಧ್ಯಯನ ಮಾಡಿದರು. ಅವರ ರಕ್ತಕಣಗಳು ದೊಡ್ಡದಾಗಿದ್ದವು. ಯೀಸ್ಟ್ ಸಾರ ಕೊಟ್ಟರೆ ಅವರು ಚೇತರಿಸಿಕೊಳ್ಳುತ್ತಾರೆ ಎಂದು 1931ರಲ್ಲಿ ಪ್ರಕಟಿಸಿದರು. ಯೀಸ್ಟಿನಲ್ಲಿದ್ದ ಆ ವಸ್ತುವೇ ಫೋಲೇಟ್ ಎಂದು ಆಮೇಲೆ ತಿಳಿಯಿತು. ಗಿರಣಿಯ ಹೆಂಗಸರ ಜೀವ ಉಳಿಸಿದ ವಸ್ತುವದು. ಹುಟ್ಟುವ ಮಗುವಿನ ಬೆನ್ನುಹುರಿಯ ದೋಷ ತಡೆಯಲು ಇಂದಿಗೂ ಅದು ಬೇಕೇ ಬೇಕು.

ಆದರೆ ಬಿ12 ಬರಿದಾದ ದೇಹಕ್ಕೆ ಫೋಲಿಕ್ ಆಮ್ಲವೊಂದನ್ನೇ ಕೊಟ್ಟರೆ ತೊಂದರೆಯಿದೆ. ಬಿ12 ಇಲ್ಲದಿದ್ದಾಗ ದೇಹದ ಫೋಲೇಟ್ ಬಳಕೆಗೆ ಬಾರದ ರೂಪದಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ಕಣಗಳ ವಿಭಜನೆ ನಿಲ್ಲುತ್ತದೆ. ಮೇಲಿನಿಂದ ಸುರಿದ ಫೋಲಿಕ್ ಆಮ್ಲ ಆ ತಡೆಯನ್ನು ಸುತ್ತುಹಾಕಿ ಹೋಗಿ ರಕ್ತವನ್ನು ಒಂದಿಷ್ಟು ಸುಧಾರಿಸಬಲ್ಲದು. ಮೈಲಿನ್‌ಗೆ ಅದರಿಂದ ಏನೂ ಸಿಗುವುದಿಲ್ಲ. ಕಾಕು ಅವರ ಹಿಮೋಗ್ಲೋಬಿನ್ 8.4ರಿಂದ 9.3ಕ್ಕೆ ಏರಿದ ಆ ಎರಡು ತಿಂಗಳು ಮನೆಯವರೆಲ್ಲ ಸಮಾಧಾನಪಟ್ಟರು. ಜೋಮು ಪಾದದಿಂದ ಮೊಣಕಾಲಿನ ಕಡೆಗೆ ಏರಿದ್ದೂ ಅದೇ ತಿಂಗಳುಗಳಲ್ಲಿ.

ಇನ್ನೊಂದು ತಿರುವನ್ನು ಹೇಳಲೇಬೇಕು. ಮೆಟ್‌ಫಾರ್ಮಿನ್ ಇಮ್ಮಡಿಯಾದದ್ದು ಎಚ್‌ಬಿಎ1ಸಿ 8.2 ಬಂದದ್ದರಿಂದ. ಮೂರು ತಿಂಗಳ ಸಕ್ಕರೆಯ ಸರಾಸರಿ ಎಂದು ನಾವು ಓದುವ ಆ ಪರೀಕ್ಷೆ ಹಿಮೋಗ್ಲೋಬಿನ್‌ಗೆ ಎಷ್ಟು ಗ್ಲೂಕೋಸ್ ಅಂಟಿದೆ ಎಂದು ಅಳೆಯುತ್ತದೆ. ಕಬ್ಬಿಣದ ಕೊರತೆಯಲ್ಲಿ ಸಕ್ಕರೆ ಏರದಿದ್ದರೂ ಈ ಅಂಕಿ ಏರಬಹುದು. ಬಿ12 ಕೊರತೆಯಲ್ಲೂ ಹೀಗಾದದ್ದು ವರದಿಯಾಗಿದೆ. ಮನೆಯ ಗ್ಲೂಕೋಮೀಟರಿನಲ್ಲಿ ಕಾಕು ಬರೆದಿಟ್ಟಿದ್ದ ಅಂಕಿಗಳು 8.2ಕ್ಕೆ ಹೊಂದುತ್ತಲೇ ಇರಲಿಲ್ಲ. ಆ ವಹಿಯನ್ನು ಯಾರೂ ತೆರೆದು ನೋಡಿರಲಿಲ್ಲ. ಕೊರತೆಯಿಂದ ಅಂಕಿ ಏರಿತು, ಅಂಕಿಯಿಂದ ಮಾತ್ರೆ ಏರಿತು, ಮಾತ್ರೆಯಿಂದ ಬಿ12 ಇನ್ನೂ ಇಳಿಯಿತು.

ಚಿಕಿತ್ಸೆ ಮತ್ತು ಮುಂದಿನ ತಿಂಗಳುಗಳು

ನರಕ್ಕೆ ಪೆಟ್ಟಾಗಿದ್ದರಿಂದ ವೈದ್ಯರು ಬಿ12 ಅನ್ನು ಚುಚ್ಚುಮದ್ದಿನ ಮೂಲಕವೇ ಕೊಟ್ಟರು: 1000 ಮೈಕ್ರೋಗ್ರಾಂ, ಮೊದಲು ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಮ್ಮೆ, ನಂತರ ಬಾಯಿಯ ಮೂಲಕ ದಿನಕ್ಕೆ 1000 ಮೈಕ್ರೋಗ್ರಾಂ. ಇಷ್ಟು ದೊಡ್ಡ ಪ್ರಮಾಣ ಏಕೆಂದರೆ ಇಂಟ್ರಿನ್ಸಿಕ್ ಫ್ಯಾಕ್ಟರಿನ ದಾರಿಯಲ್ಲಿ ಒಂದು ಹೊತ್ತಿಗೆ ಒಂದೂವರೆ, ಎರಡು ಮೈಕ್ರೋಗ್ರಾಂ ಮೀರಿ ಒಳಹೋಗುವುದಿಲ್ಲ. ಆದರೆ ಯಾವ ನೆರವೂ ಇಲ್ಲದೆ ಶೇ. 1ರಷ್ಟು ತಾನಾಗಿ ನುಸುಳುತ್ತದೆ. ಸಾವಿರದಲ್ಲಿ ಶೇ. 1 ಎಂದರೆ 10 ಮೈಕ್ರೋಗ್ರಾಂ, ದಿನದ ಅಗತ್ಯದ ನಾಲ್ಕು ಪಟ್ಟು. ಮಾತ್ರೆಯಲ್ಲಿರುವ ಬಿ12 ಪ್ರೋಟೀನಿಗೆ ಅಂಟಿರುವುದಿಲ್ಲವಾದ್ದರಿಂದ ಅದಕ್ಕೆ ಆಮ್ಲವೂ ಬೇಕಿಲ್ಲ. ಮೆಟ್‌ಫಾರ್ಮಿನ್ ಮತ್ತೆ 1000ಕ್ಕೆ ಇಳಿಯಿತು. ಎದೆಯುರಿಗೆ ನಿಜವಾದ ಕಾರಣ ರಾತ್ರಿ ಹನ್ನೊಂದಕ್ಕೆ ಉಂಡು ಕೂಡಲೇ ಮಲಗುವುದೆಂದು ತಿಳಿದಮೇಲೆ ಪ್ಯಾಂಟೊಪ್ರಜೋಲ್ ಹಂತಹಂತವಾಗಿ ನಿಂತಿತು. ಸ್ತ್ರೀರೋಗ ತಜ್ಞರು ಗರ್ಭಕೋಶದಲ್ಲಿ ಸಣ್ಣ ಫೈಬ್ರಾಯ್ಡ್ ಗಡ್ಡೆ ಕಂಡು, ಸ್ರಾವ ಹತೋಟಿಗೆ ಔಷಧ ಕೊಟ್ಟರು.

ಕಬ್ಬಿಣದ ಮಾತ್ರೆ ಬದಲಾಗಲಿಲ್ಲ, ನುಂಗುವ ಹೊತ್ತು ಬದಲಾಯಿತು. ದಿನ ಬಿಟ್ಟು ದಿನ, ನಡು ಬೆಳಗಿನಲ್ಲಿ, ಅರ್ಧ ನಿಂಬೆಹಣ್ಣಿನ ನೀರಿನ ಜೊತೆ. ಒಂದು ದೊಡ್ಡ ಪ್ರಮಾಣದ ಕಬ್ಬಿಣ ಒಳಬಂದರೆ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನ್ ಹೆಚ್ಚಿಸಿ ಒಂದು ದಿನದ ಮಟ್ಟಿಗೆ ಕರುಳಿನ ಬಾಗಿಲು ಮುಚ್ಚುತ್ತದೆ. ಕಬ್ಬಿಣ ಕಡಿಮೆಯಿದ್ದ ಯುವತಿಯರ ಮೇಲೆ ಸ್ವಿಟ್ಜರ್ಲೆಂಡಿನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನವೂ ಕೊಟ್ಟದ್ದಕ್ಕಿಂತ ದಿನ ಬಿಟ್ಟು ದಿನ ಕೊಟ್ಟ ಮಾತ್ರೆಯಿಂದಲೇ ಹೆಚ್ಚು ಪಾಲು ಹೀರಿಕೆಯಾಗಿತ್ತು. ಕಾಕು ಅವರ ವಾಕರಿಕೆಯೂ ಕಡಿಮೆಯಾಯಿತು, ಇದು ನನಗೆ ಅಷ್ಟೇ ಮುಖ್ಯ; ನುಂಗದೆ ಬಿಟ್ಟ ಮಾತ್ರೆಯಿಂದ ಪ್ರಯೋಜನವಿಲ್ಲ.

ಊಟದಲ್ಲಿ ನಾನು ಕೇಳಿದ್ದು ಕೆಲವೇ ಬದಲಾವಣೆ. ಚಹಾ ಊಟಕ್ಕಿಂತ ಕನಿಷ್ಠ ಒಂದು ಗಂಟೆ ದೂರ ಇರಲಿ. ಪಲ್ಯದ ಮೇಲೆ ನಿಂಬೆ ಹಿಂಡಿಕೊಳ್ಳಿ, ಇಳಿಸಿದ ಮೇಲೆ, ಏಕೆಂದರೆ ವಿಟಮಿನ್ ಸಿ ಬೆಂಕಿಗೆ ಕೆಡುತ್ತದೆ. ದಾಳಿಂಬೆಯ ದುಡ್ಡಿಗೆ ಪೇರಲ ತನ್ನಿ. 100 ಗ್ರಾಮಿನಲ್ಲಿ 200 ಮಿಲಿಗ್ರಾಂ ಆಸುಪಾಸು ವಿಟಮಿನ್ ಸಿ ಇದೆ. ಮಡಿಕೆ ಕಾಳು, ಹೆಸರುಕಾಳು ನೆನೆಸಿ ಮೊಳಕೆ ಬರಿಸಿ. ಎರಡು ಹೊತ್ತು ಒಂದೊಂದು ಬಟ್ಟಲು ಮೊಸರು. ಎಲ್ಲಕ್ಕಿಂತ ಕಷ್ಟವಾದದ್ದು ಕೊನೆಯ ಮಾತು: ಡಬ್ಬಾ ಕಟ್ಟುವ ಮೊದಲೇ ನಿಮ್ಮ ಪಾಲಿನ ಕಾಳುಪಲ್ಯ, ಮೊಸರು ಬೇರೆ ತೆಗೆದಿಡಿ. ಅದಕ್ಕೆ ಕಾಕು ಒಪ್ಪಲೇ ಇಲ್ಲ. ಉಣ್ಣುವವರಿಗೆ ಬಡಿಸುವ ಮೊದಲು ನಾನು ತೆಗೆದಿಟ್ಟುಕೊಳ್ಳುವುದೇ ಎಂದರು. ಗಂಡ ಪಕ್ಕದಲ್ಲೇ ಕುಳಿತಿದ್ದರು. "ಮೇಡಂ, ಅದನ್ನು ನನಗೆ ಬಿಡಿ. ಮೊದಲನೆಯ ಡಬ್ಬಾ ಇವಳದೇ ಕಟ್ಟುತ್ತೇನೆ," ಎಂದರು. ಹಾಗೆಯೇ ಮಾಡಿದರು. ಮೊಟ್ಟೆಯ ಮಾತನ್ನು ನಾನು ಎತ್ತಲಿಲ್ಲ. ಆಚಾರ ಬಿಡಿಸದೆ ಬಿ12 ಕೊಡಲು ದಾರಿ ಇರುವಾಗ ಅದರ ಮೇಲೆ ಕೈ ಹಾಕುವ ಅಗತ್ಯ ನನಗೆ ಕಾಣುವುದಿಲ್ಲ. ಆದರೆ ನಮ್ಮ ಊಟ ಪೂರ್ಣಾಹಾರ, ಮಾತ್ರೆ ಏಕೆ ಎಂಬ ಹಠವನ್ನೂ ನಾನು ಒಪ್ಪುವುದಿಲ್ಲ.

ಒಂದು ವಾರದೊಳಗೆ ಹೊಸ ರಕ್ತಕಣಗಳ ಸಂಖ್ಯೆ ಜಿಗಿಯಿತು. ನಾಲ್ಕನೇ ವಾರ ಹಿಮೋಗ್ಲೋಬಿನ್ 10.4, ಮೂರು ತಿಂಗಳಿಗೆ 12.2. ಆರ್‌ಡಿಡಬ್ಲ್ಯು ನಿಧಾನವಾಗಿ 15ಕ್ಕೆ ಇಳಿಯಿತು. ಎಚ್‌ಬಿಎ1ಸಿ, ಅರ್ಧ ಮೆಟ್‌ಫಾರ್ಮಿನ್‌ನಲ್ಲೇ, 7.0. ಮುಖ ತೊಳೆಯುವಾಗಿನ ತೂರಾಟ ನಾಲ್ಕು ತಿಂಗಳಲ್ಲಿ ನಿಂತಿತು. ಜೋಮು ಮೊಣಕಾಲಿನಿಂದ ಪಾದಕ್ಕೆ, ಪಾದದಿಂದ ಬೆರಳಿಗೆ ಇಳಿಯಲು ಹತ್ತು ತಿಂಗಳು ಹಿಡಿಯಿತು. ಎರಡೂ ಹೆಬ್ಬೆರಳುಗಳಲ್ಲಿ ಕಂಪನದ ಅರಿವು ಇನ್ನೂ ಮರಳಿಲ್ಲ. ತಡವಾಗಿ ಚಿಕಿತ್ಸೆ ಪಡೆದ ನರ ಪೂರ್ತಿ ಚೇತರಿಸಿಕೊಳ್ಳದಿರಬಹುದು. ಇದನ್ನು ಅವರಿಗೆ ಮುಚ್ಚಿಡದೆ ಹೇಳಿದ್ದೇವೆ.

ಪುಣೆಗೆ ಈ ಕೊರತೆ ಹೊಸದಲ್ಲ. ಇಲ್ಲಿನ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಸಂಗಡಿಗರು ಹಳ್ಳಿ, ಕೊಳೆಗೇರಿ ಮತ್ತು ನಗರದ ಮಧ್ಯಮ ವರ್ಗದ 441 ಗಂಡಸರನ್ನು ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 67 ಮಂದಿಗೆ ಬಿ12 ಕಡಿಮೆಯಿತ್ತು. ಮಧ್ಯಮ ವರ್ಗದಲ್ಲಿ ಅದು ಶೇ. 81. ಹೊಟ್ಟೆ ತುಂಬಿದವರಲ್ಲೇ ಹೆಚ್ಚು ಎಂಬುದನ್ನು ಗಮನಿಸಬೇಕು. ರಕ್ತಹೀನತೆಯಂತೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಮಹಾರಾಷ್ಟ್ರದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 54ರಷ್ಟಿದೆ. ಅವರಲ್ಲಿ ಎಷ್ಟು ಮಂದಿಯ ಕೊರತೆ ಕಬ್ಬಿಣವೊಂದರದ್ದೇ ಎಂಬುದನ್ನು ಬೆರಳು ಚುಚ್ಚಿ ನೋಡುವ ಹಿಮೋಗ್ಲೋಬಿನ್ ಪರೀಕ್ಷೆ ಹೇಳಲಾರದು.

ಒಂದೇ ಅಡುಗೆಮನೆಯ ಊಟವಾದ್ದರಿಂದ ಮನೆಯವರನ್ನೂ ಪರೀಕ್ಷಿಸಿದೆವು. ಗಂಡನ ಬಿ12 210, ಗಡಿಯ ಮೇಲೆ. ದಿನಾ ಹಾಲು ಕುಡಿಯುವ ಮಗನದು 290. ಕಾಲೇಜಿಗೆ ಹೋಗುವ 19 ವರ್ಷದ ಮಗಳದು 151. ಅವಳಿಗೆ ಯಾವ ಲಕ್ಷಣವೂ ಇರಲಿಲ್ಲ, ಯಾವ ಔಷಧವೂ ಇರಲಿಲ್ಲ. ಅವಳಿಗೂ ಬಾಯಿಯ ಮೂಲಕ ಬಿ12 ಶುರುವಾಗಿದೆ, ಹಾಲಿನಲ್ಲಿ ಅಣ್ಣನಷ್ಟೇ ಪಾಲು ಸಿಗುತ್ತಿದೆ. ಕಾಕು ಅವರಿಗೆ ಮೆಟ್‌ಫಾರ್ಮಿನ್ ಇರುವವರೆಗೆ ವರ್ಷಕ್ಕೊಮ್ಮೆ ಬಿ12 ಪರೀಕ್ಷೆ, ಆರು ತಿಂಗಳಿಗೊಮ್ಮೆ ಫೆರಿಟಿನ್. ಡಬ್ಬಾದಲ್ಲಿ ಈಗ ಪ್ರತಿ ಗಿರಾಕಿಗೂ ನಿಂಬೆಯ ಒಂದು ಹೋಳು ಹೋಗುತ್ತಿದೆ. ಅದಕ್ಕೆ ಅವರು ಬೆಲೆ ಹೆಚ್ಚಿಸಿಲ್ಲ.